ನೋಡಬೇಕಾದ ಹನ್ನೊಂದನೇ ಜಾಗ

ಆ ಜಾಗ ಎಲ್ಲಿದೆ ಎಂದು ಈ ಬರಹದಲ್ಲಿ ನಾನು ಹೇಳುವುದಿಲ್ಲ. ಹೇಮಾವತಿ ಹಿನ್ನೀರಿನ ಒಂದು ಮೂಲೆ ಅಂದುಕೊಳ್ಳಿ, ಅಷ್ಟು ಸಾಕು. ದಾರಿ ಕೇಳಿಕೊಂಡು ಯಾರೂ ಫೋನ್ ಮಾಡಬೇಡಿ, ಮಾಡಿದರೆ ಬೈಸಿಕೊಳ್ಳುತ್ತೀರಿ. ಒಂದು ಸಲ ದಾರಿ ಬರೆದುಕೊಟ್ಟು ಅನುಭವಿಸಿದ್ದೇ ನನಗೆ ಸಾಕಾಗಿದೆ.

ನಾನು ಪ್ರವಾಸಿಗರಿಗೆ ಊರು ತೋರಿಸುವ ಗೈಡ್, ಚನ್ನರಾಯಪಟ್ಟಣದವಳು. ಚಳಿಗಾಲ ಮುಗಿಯುತ್ತಿದ್ದಾಗ ಹಿನ್ನೀರಿನ ದಡದ ಹೊಸ ರೆಸಾರ್ಟೊಂದರ ಮ್ಯಾನೇಜರ್ ಕರೆಸಿಕೊಂಡರು. ಆತ ಕೆರಿಬಿಯನ್ ದ್ವೀಪವೊಂದರ ರೆಸಾರ್ಟಿನಲ್ಲಿ ಹಲವು ವರ್ಷ ಕೆಲಸ ಮಾಡಿ ಬಂದವರು. ಬರುವಾಗ ಆ ದ್ವೀಪವನ್ನೇ ತಲೆಯಲ್ಲಿಟ್ಟುಕೊಂಡು ಬಂದಿದ್ದರು. ಲಾರಿಗಟ್ಟಲೆ ಮರಳು ಸುರಿಸಿ ಕೆರೆಮಣ್ಣಿನ ದಡವನ್ನು ‘ಬೀಚ್’ ಮಾಡಿದ್ದರು. ಮರಳಿನ ಮೇಲೆ ಸಾಲಾಗಿ ಕೊಡೆಗಳು, ಕೊಡೆಗಳಿಗೆ ಪ್ಲಾಸ್ಟಿಕ್ಕಿನ ತೆಂಗಿನ ಗರಿ! ನಮ್ಮ ಚನ್ನರಾಯಪಟ್ಟಣದ ಕಡೆ ತೋಟಗಳಲ್ಲಿ ಗರಿ ಕೇಳುವವರಿಲ್ಲದೆ ಗೆದ್ದಲು ಹಿಡಿಯುತ್ತದೆ, ಇವರು ಪ್ಲಾಸ್ಟಿಕ್ ಗರಿ ತರಿಸಿದ್ದಾರೆ. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು.

ಅವರು ನನ್ನ ಮುಂದೆ ಆ ದ್ವೀಪದ ರೆಸಾರ್ಟಿನ ಕೈಪಿಡಿ ಇಟ್ಟರು. ಸುತ್ತಮುತ್ತ ನೋಡಬೇಕಾದ ಸ್ಥಳಗಳು. ಒಂದು ಜಲಪಾತ, ಒಂದು ಗುಹೆ, ಹಳೇ ಕೋಟೆ, ಮೀನುಗಾರರ ಸಂತೆ, ಕೊನೆಗೆ ಪಾಳುಬಿದ್ದ ಒಂದು ಸಕ್ಕರೆ ಕಾರ್ಖಾನೆ. ಕಾರ್ಖಾನೆಯ ಮುರುಕು ಗೋಡೆಗಳ ನಡುವೆ ಬಿಳಿ ಬಟ್ಟೆ ಹೊದಿಸಿದ ಮೇಜು, ಮೇಣದ ಬತ್ತಿ, ಮದುವೆಯ ಜೋಡಿ. ಚಿತ್ರದ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇಲ್ಲಿ ಒಂದು ಕಾಲಕ್ಕೆ ಗುಲಾಮರ ಮನೆಗಳಿದ್ದವು ಎಂದಿತ್ತು. ಆ ಸಾಲನ್ನು ನಾನು ಓದಿದೆ. ಓದಿ, ಪುಟ ತಿರುವಿ, ಅವರು ಕೊಟ್ಟ ಕಾಫಿ ಕುಡಿದೆ.

“ಸೇಮ್ ಇದೇ ಥರ ನಮಗೊಂದು ಬೇಕು ಮೇಡಂ,” ಅಂದರು ಮ್ಯಾನೇಜರ್. “ಮೂರು ವಾರ ಸಾಕಲ್ವಾ?”

ಸಾಕು ಎಂದೆ. ಬಾಡಿಗೆ ಕಾರೊಂದನ್ನು ಅವರೇ ಗೊತ್ತು ಮಾಡಿದರು. ಡ್ರೈವರ್ ಐವತ್ತರ ಆಸುಪಾಸಿನವರು, ಅರಕಲಗೂಡು ತಾಲ್ಲೂಕಿನವರು. ಡ್ಯಾಂ ಕಟ್ಟಿದಾಗ ಅವರ ಊರು ಮುಳುಗಿ, ಮನೆಯವರೆಲ್ಲ ದೂರದ ಹೊಸ ಕಾಲೊನಿಗೆ ಬಂದಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು.

ನನ್ನ ಕೆಲಸಕ್ಕೆ ಒಂದು ಕ್ರಮವಿದೆ. ಉದ್ದನೆಯ ಪುಸ್ತಕವೊಂದರಲ್ಲಿ ಪ್ರತಿ ಜಾಗಕ್ಕೂ ಎಂಟು ಕಲಮು. ಗಾಡಿಯ ಮೀಟರು ನೋಡಿ ದೂರ, ರಸ್ತೆಯ ಸ್ಥಿತಿ, ಬಾಗಿಲು ತೆರೆಯುವ ಹೊತ್ತು, ಬೀಗದ ಕೈ ಯಾರ ಹತ್ತಿರ, ನೀರು ಮತ್ತು ಶೌಚಾಲಯ, ಫೋಟೋಗೆ ಬಿಸಿಲು ಯಾವಾಗ ಯಾವ ಮಗ್ಗುಲಿಗೆ, ಫೋನಿನ ನಕ್ಷೆಯಲ್ಲಿ ಜಾಗದ ಗುರುತು. ಎಂಟನೆಯದು, ‘ಏನು ಮಾಡಬಾರದು’. ಈ ಎಂಟನೆಯದನ್ನು ಬೇರೆ ಗೈಡುಗಳು ಬರೆಯುವುದಿಲ್ಲ. ನಾನು ಬರೆಯುತ್ತೇನೆ, ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ತಿರುಗಿದೆವು. ಮೊಸಳೆಯ ಜೋಡಿ ಗುಡಿಗಳ ನಡುವಿನ ಕಿರುದಾರಿಯಲ್ಲಿ ಯಾವ ಹೊತ್ತಿಗೆ ಬಿಸಿಲು ಬೀಳುತ್ತದೆ ಎಂದು ತಿಳಿಯಲು ಅರ್ಧ ದಿನ ಕೂತೆ. ನುಗ್ಗೇಹಳ್ಳಿಯಲ್ಲಿ ಹಿಂಬದಿಯ ಗೋಡೆಗೆ ಸಂಜೆಯೇ ಸರಿ ಎಂದು ಗೊತ್ತಾಗಿ, ಬೆಳಿಗ್ಗೆ ತೆಗೆದ ಫೋಟೋಗಳನ್ನೆಲ್ಲ ಅಳಿಸಿ ಮತ್ತೊಮ್ಮೆ ಹೋದೆ. ಶ್ರವಣಬೆಳಗೊಳದ ಬೆಟ್ಟ ಹತ್ತುವವರು ಬಿಸಿಲೇರುವ ಮುಂಚೆ ಇಳಿದುಬಿಡಬೇಕು, ಇಲ್ಲದಿದ್ದರೆ ಅಂಗಾಲು ಸುಡುತ್ತದೆ ಎಂದು ಬರೆದೆ. ಹೊಳೆನರಸೀಪುರದಲ್ಲಿ ದೇವಸ್ಥಾನದ ಬೀದಿಗೆ ದೊಡ್ಡ ಬಸ್ಸು ತಿರುಗುತ್ತದೋ ಇಲ್ಲವೋ ಎಂದು ಹೆಜ್ಜೆ ಹಾಕಿ ಅಳೆದೆ. ಕೊಣನೂರಿನ ತೂಗುಸೇತುವೆಯ ಎಂಟನೇ ಕಲಮಿಗೆ ‘ಕುಣಿಯಬಾರದು’. ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳಿಗೆ ‘ಪುರಿ ಹಾಕಿ, ಕೈ ಹಾಕಬೇಡಿ’.

ಎರಡನೇ ವಾರದ ಒಂದು ಮಧ್ಯಾಹ್ನ ಗೊರೂರಿನ ಕಡೆಯಿಂದ ಬರುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಡ್ರೈವರಣ್ಣ ಕಾರನ್ನು ತಮ್ಮ ಕಾಲೊನಿಗೇ ತಿರುಗಿಸಿದರು. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. “ಇನ್ನೊಂದ್ ಅರ್ಧ ಇಕ್ಕುಸ್ಕಳವ್ವ, ಗುಬ್ಬಿ ತಿಂದಂಗ್ ತಿಂತೀಯಲ್ಲ” ಎಂದು ಗದರಿಸಿ ಬಡಿಸಿದರು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ನಾನು ಸುಮ್ಮನಿರಲಾರದೆ, ಬೇಸಿಗೆಯ ಉರಿಯಲ್ಲಿ ಯಾಕೆ ಮದುವೆ ಇಟ್ಟುಕೊಂಡಿರಿ ಎಂದೆ.

“ನಮ್ಮನೇಲಿ ಮಳೆಗಾಲ್ದಾಗೆ ಮದ್ವೆ ಇಲ್ಲ ಕಣವ್ವ,” ಅಂದರು ಅಜ್ಜಿ. “ನೀರಿಳ್ದು ಒಸ್ಲು ಕಾಣ್ಬೇಕು. ಅಲ್ಲಿಂದ ಮೂರಿಡಿ ಮಣ್ಣು ತಂದು ಆಲುಗಂಬದ ಬುಡಕ್ಕಾಕಿದ್ ಮ್ಯಾಲೇನೇ ಚಪ್ಪರ.”

ಊರು ಬಿಡುವಾಗ ಬಾಗಿಲು, ಜಂತೆ, ಹೆಂಚು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಬಂದರಂತೆ. ಕಲ್ಲಿನ ಹೊಸ್ತಿಲೊಂದನ್ನು ಮಾತ್ರ ಅಜ್ಜಿಯ ಮಾವ ಕೀಳಬೇಡಿ ಎಂದರಂತೆ. ಮನೆಗೊಂದು ಗುರುತು ಇರಲಿ ಎಂದು. ಅಂದಿನಿಂದ ಆ ಮನೆಯ ಪ್ರತಿ ಮದುವೆಗೂ, ಚಪ್ಪರಕ್ಕೆ ಮೊದಲು ನೆಡುವ ಹಾಲುಗಂಬದ ಬುಡಕ್ಕೆ ಹಾಕುವ ಮಣ್ಣು ಆ ಹೊಸ್ತಿಲ ಬುಡದ್ದೇ.

ಅಣ್ಣ ಅವತ್ತು ಸಂಜೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ನೀರು ಹಿಂದೆ ಸರಿದು ನೆಲ ಬಿರುಕು ಬಿಟ್ಟಿತ್ತು. ಮೊಣಕಾಲೆತ್ತರದ ಗೋಡೆಯ ಗೆರೆಗಳು, ಒಂದು ಒರಳುಗುಂಡಿ, ಮತ್ತೆ ಆ ಹೊಸ್ತಿಲು. ಆಳುದ್ದದ ಕರೀ ಕಲ್ಲು, ನಡುವೆ ಕಮಲ, ಎರಡು ತುದಿಗೆ ಬಳ್ಳಿ. ಸುತ್ತ ಗೋಡೆಯೇ ಇಲ್ಲ, ಎಲ್ಲಿಂದ ಬೇಕಾದರೂ ಒಳಗೆ ಹೋಗಬಹುದಿತ್ತು. ಅಣ್ಣ ಮಾತ್ರ ಚಪ್ಪಲಿ ಬಿಟ್ಟು, ಬಳಸಿ ಬಂದು, ಹೊಸ್ತಿಲು ತುಳಿಯದೆ ದಾಟಿ ‘ಒಳಗೆ’ ಹೋದರು. ನಾನೂ ಹಾಗೇ ಮಾಡಿದೆ.

ನಾನು ಪುಸ್ತಕ ತೆಗೆದದ್ದು ಕಂಡು ಅವರು, “ಇದ ಬರ್ಕಬ್ಯಾಡಿ ಮೇಡಂ. ಇದು ನೋಡಕ್ಕಲ್ಲ,” ಅಂದರು.

ಇಲ್ಲ ಅಣ್ಣ, ನನಗೆ ಮಾತ್ರ ಎಂದೆ. ಎಂಟೂ ಕಲಮು ತುಂಬಿದೆ. ನಕ್ಷೆಯ ಗುರುತು ಸಮೇತ!

ವಾರ ಕಳೆದು ಹತ್ತು ಜಾಗಗಳ ಪಟ್ಟಿ ಒಪ್ಪಿಸಿದೆ. ಮ್ಯಾನೇಜರ್ ಮುಖ ಹುಳ್ಳಗೆ ಮಾಡಿದರು. “ಇವೆಲ್ಲ ಯಾರ್ ಬೇಕಾದ್ರೂ ಫೋನಲ್ಲಿ ನೋಡ್ಕೋತಾರೆ. ನಿಮ್ಮನ್ನ ಯಾಕ್ ಕರೆಸಿದ್ದು? ಬೇರೆ ಯಾರ ಹತ್ರಾನೂ ಇರಬಾರದು, ಅಂಥದ್ದೊಂದು ಕೊಡಿ.”

ಇಲ್ಲ ಎನ್ನಬಹುದಿತ್ತು. ಯಾರೂ ನನ್ನ ಕತ್ತಿಗೆ ಕತ್ತಿ ಹಿಡಿದಿರಲಿಲ್ಲ. ಆದರೆ ‘ನಿಮ್ಮನ್ನ ಯಾಕ್ ಕರೆಸಿದ್ದು’ ಎಂದಾಗ ನನ್ನ ಜಂಬ ಎದ್ದು ನಿಂತಿತು. ಇವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು ತೋರಿಸಲೇಬೇಕು ಅನ್ನಿಸಿತು. ಹನ್ನೊಂದನೇ ಜಾಗ ಬರೆದುಕೊಟ್ಟೆ. ಸಮಾಧಾನಕ್ಕೆ ಎಂಟನೇ ಕಲಮಿನಲ್ಲಿ ದಪ್ಪಗೆ ಬರೆದೆ: ‘ಮನೆಯವರನ್ನು ಕೇಳದೆ ಹೋಗಬಾರದು. ಹೊಸ್ತಿಲು ತುಳಿಯಬಾರದು, ದಾಟಬೇಕು.’ ಇಷ್ಟು ಬರೆದರೆ ತಪ್ಪು ತೊಳೆದುಹೋಗುತ್ತದೆ ಎಂದು ನಂಬಿದ್ದೆ ನೋಡಿ, ಎಂಥಾ ದಡ್ಡಿ ನಾನು!

ಏಪ್ರಿಲ್ಲಿನ ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ.

“ಮೇಡಂ, ಕಲ್ಲಿಲ್ಲ.”

“ಯಾವ ಕಲ್ಲು ಅಣ್ಣ?”

“ಒಸ್ಲು. ಮಣ್ ತರಕ್ ದಿನ ನೋಡವಾ ಅಂತ ಓಗಿದ್ದೆ. ಜೆಸಿಬಿ ಚಕ್ರದ ಗುರ್ತವೆ. ಕಲ್ಲಿದ್ ಜಾಗ್ದಾಗೆ ಗುಂಡಿ ಅದೆ. ಯಾವ್ ನನ್ಮಗ ಎತ್ಕೊಂಡೋದ್ನೋ. ಅವ್ವಂಗೆ ಇನ್ನೂ ಏಳಿಲ್ಲ. ಮದ್ವೆಗಿನ್ನ ಅನ್ನೆಲ್ಡ್ ದಿನ ಅದೆ.”

ಯಾರು ಎತ್ತಿಕೊಂಡು ಹೋದರು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಫೋನ್ ಇಡುವ ಮುಂಚೆಯೇ ಗೊತ್ತಾಗಿತ್ತು. ಬಸ್ಸು ಹತ್ತಿ, ಹಾಸನದಲ್ಲಿಳಿದು, ಆಟೋ ಮಾಡಿಕೊಂಡು ಸೀದಾ ರೆಸಾರ್ಟಿಗೆ ಹೋದೆ.

ಹುಡುಕಬೇಕಾಗಲಿಲ್ಲ. ಬೀಚಿನ ತುದಿಯಲ್ಲಿ, ಈಜಿ ಬಂದವರು ಮರಳು ತೊಳೆದುಕೊಳ್ಳುವ ನಲ್ಲಿಯ ಕೆಳಗೆ, ಕಮಲ ಮೇಲೆ ಕಾಣುವಂತೆ ಹಾಕಿದ್ದರು. ಚಡ್ಡಿ ಹಾಕಿಕೊಂಡ ಒಬ್ಬಾತ ಅದರ ಮೇಲೆ ನಿಂತು ಒಂದೊಂದೇ ಕಾಲು ಉಜ್ಜಿಕೊಳ್ಳುತ್ತಿದ್ದ. ಪಾಪ, ಅವನಿಗೇನು ಗೊತ್ತು.

ಮ್ಯಾನೇಜರ್ ರೂಮಿಗೆ ನುಗ್ಗಿದೆ. “ಯಾರ ಮನೆ ಹೊಸ್ತಿಲ ಮೇಲೆ ಯಾರ ಕಾಲು ತೊಳೆಸ್ತಿದ್ದೀರಿ ನೀವು?”

ಅವರು ಶಾಂತವಾಗೇ ಇದ್ದರು. ಅದೇ ನನಗೆ ಇನ್ನೂ ಉರಿಸಿತು. “ಕೂತ್ಕೊಳಿ ಮೇಡಂ. ಅದು ಡ್ಯಾಂ ಜಾಗ, ಪ್ರೈವೇಟ್ ಓನರ್ ಯಾರೂ ಇಲ್ಲ. ಗೆಸ್ಟ್‌ಗಳು ಅಷ್ಟು ದೂರ ಬಿಸಿಲಲ್ಲಿ ನಡೆಯಲ್ಲ. ಜನ ಕಲ್ಲಿನ ಹತ್ರ ಹೋಗೋ ಬದಲು ಕಲ್ಲನ್ನೇ ಜನರ ಹತ್ರ ತಂದ್ವಿ. ಐಡಿಯಾ ನಿಮ್ದೇ ಅಲ್ವಾ?”

ಮೇಜಿನ ಮೇಲಿದ್ದ ಹೊಸ ಕೈಪಿಡಿಯನ್ನು ನನ್ನ ಕಡೆ ತಳ್ಳಿದರು. ಮಿರಮಿರ ಮಿಂಚುವ ಕಾಗದ. ಹನ್ನೊಂದನೇ ಪುಟದಲ್ಲಿ ನನ್ನದೇ ಫೋಟೋ, ನನ್ನದೇ ಮಾತು, ಕೆಳಗೆ ನನ್ನ ಹೆಸರು. ಎಂಟನೇ ಕಲಮು ಎಲ್ಲೂ ಇರಲಿಲ್ಲ. ಹನ್ನೊಂದು ಜಾಗಕ್ಕೂ ಇರಲಿಲ್ಲ.

“ಅದನ್ನ ತೆಗೆಸ್ದೆ. ರಜಕ್ಕೆ ಬಂದೋರಿಗೆ ‘ಬೇಡ, ಕೂಡದು’ ಅಂದ್ರೆ ಇಷ್ಟ ಆಗಲ್ಲ ಮೇಡಂ. ನೆಗೆಟಿವ್.”

ಕಲ್ಲು ವಾಪಸು ಕೊಡಿ ಎಂದೆ. ಅರ್ಜಿ ಬರೆದುಕೊಡಿ, ಹೆಡ್ ಆಫೀಸಿಗೆ ಕಳಿಸುತ್ತೇನೆ, ಒಂದೆರಡು ತಿಂಗಳಲ್ಲಿ ಹೇಳುತ್ತಾರೆ ಎಂದರು. ಒಂದೆರಡು ತಿಂಗಳು! ಅಷ್ಟರಲ್ಲಿ ಮದುವೆಯೂ ಮುಗಿದಿರುತ್ತದೆ, ಹಿನ್ನೀರೂ ಏರಿರುತ್ತದೆ. ನಾನು ಕೂಗಾಡಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆತ ಎರಡು ಸಲ ಗಡಿಯಾರ ನೋಡಿಕೊಂಡರು, ಒಂದು ಸಲ ನೀರು ಕೊಡಲೇ ಎಂದರು.

ಗೇಟಿನ ಹೊರಗೆ ಮೋರಿಕಟ್ಟೆಯ ಮೇಲೆ ಕೂತೆ. ಪೊಲೀಸಿನವರ ಹತ್ತಿರ ಹೋಗಬಹುದಿತ್ತು. ಆದರೆ ದೂರು ಕೊಟ್ಟರೆ ಪಂಚನಾಮೆ, ಅದು ಆದಮೇಲೆ ಕಲ್ಲು ಎಲ್ಲಿ ಎಷ್ಟು ದಿನ ಬಿದ್ದಿರುತ್ತದೋ ಹೇಳುವವರಿಲ್ಲ. ಯಾರ ಹೆಸರೂ ಎತ್ತದೆ ಅಣ್ಣನಿಗೆ ಸಹಾಯ ಮಾಡುವ ದಾರಿಯನ್ನೂ ಯೋಚಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಕಲ್ಲು ಅಲ್ಲಿದೆ ಅಂತೆ ಎಂದು ಯಾರೋ ಹೇಳಿದ ಹಾಗೆ ಹೇಳಿಬಿಡಬಹುದಿತ್ತು. ಆಮೇಲೆ ಆ ಅರ್ಧ ಮುದ್ದೆ ನೆನಪಾಯಿತು. ಉಂಡ ಮನೆಯ ಜಂತೆ ಎಣಿಸುವುದು ಎನ್ನುತ್ತಾರೆ. ನಾನು ಎಣಿಸಿದ್ದಷ್ಟೇ ಅಲ್ಲ, ಅಚ್ಚು ಹಾಕಿಸಿ ಹಂಚಿದ್ದೆ.

ಸಂಜೆಗೆ ಅವರ ಮನೆಗೆ ಹೋದೆ. ಅಣ್ಣನ ಮುಂದೆ ಆ ಪುಟ ತೆರೆದಿಟ್ಟು, “ಇದನ್ನ ನಾನೇ ಬರೆದುಕೊಟ್ಟಿದ್ದು. ಕಲ್ಲು ರೆಸಾರ್ಟಲ್ಲಿದೆ. ಕಾಲು ತೊಳೆಯೋಕೆ ಹಾಕಿದ್ದಾರೆ,” ಎಂದೆ.

ಅವರು ಪುಟವನ್ನು ಓದಿದರು. “ಬರ್ಕಬ್ಯಾಡಿ ಅಂದಿದ್ನಲ್ಲ ಮೇಡಂ.”

“ಅಂದಿದ್ರಿ ಅಣ್ಣ.”

“ಮತ್ಯಾಕ್ ಬರ್ಕಂಡ್ರಿ?”

ಬೈದಿದ್ದರೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ. ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕತೊಡಗಿದರು. ಒಳಗಿನಿಂದ ಅಜ್ಜಿ ಎಲ್ಲ ಕೇಳಿಸಿಕೊಂಡಿದ್ದರು. ಬಾಗಿಲಿಗೆ ಬಂದು ನಿಂತು, “ಬರ್ದೋಳು ನೀನೇ ಅಲ್ವೇನವ್ವ? ಅಂಗಾರೆ ಅಳ್ಸೋಳೂ ನೀನೇ,” ಅಂದರು. ಆಮೇಲೆ ಮಗನಿಗೆ, “ಬೆಳಿಗ್ಗೆ ಟ್ರಾಕ್ಟ್ರು ಕರ್ಸ್ಲಾ. ಉಲ್ ಆಸ್ಕಳಕ್ ಏಳು, ಕಲ್ಲು ಮುಕ್ಕಾಗ್ಬಾರ್ದು.”

“ಅವ್ರು ಕೊಡಾಕಿಲ್ಲ ಕಣವ್ವ.”

“ನಾನೇನ್ ಕೇಳಕ್ಕೋಗ್ತಿದ್ದೀನಾ?” ಅಂದರು ಅಜ್ಜಿ.

ಮಾರನೇ ಬೆಳಿಗ್ಗೆ ಎಂಟು ಗಂಟೆಗೆ ಟ್ರಾಕ್ಟರು ಗೇಟಿನ ಮುಂದೆ ನಿಂತಿತು. ಕಾವಲಿನವನು ಪಕ್ಕದ ಊರಿನವನೇ. ಅಜ್ಜಿ ಮಡಿಲಿನಿಂದ ಎಲೆ ಅಡಿಕೆ ತೆಗೆದು ಅವನ ಕೈಗಿಟ್ಟು, “ಮೊಮ್ಮಗ್ಳ ಮದ್ವೆ ಕಣಪ್ಪ, ಬಾ,” ಎಂದರು. ಎಲೆ ಅಡಿಕೆ ಹಿಡಿದ ಕೈಯಲ್ಲಿ ಹೇಗೆ ಗೇಟು ಅಡ್ಡ ಹಾಕುತ್ತಾನೆ? ನಾವು ಒಳಗೆ ಹೋದೆವು.

ಅಜ್ಜಿ ಬಗ್ಗಿಕೊಂಡು ಮರಳ ಮೇಲೆ ನಡೆದು ನಲ್ಲಿಯ ಹತ್ತಿರ ಬಂದರು. “ಅಯ್ಯೋ, ನಿನ್ನ ಇಲ್ಲ್ ತಂದ್ ಆಕವ್ರಾ,” ಅಂದರು. ಅಷ್ಟೇ. ನಲ್ಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದರು. ಕಮಲದ ಎಸಳುಗಳ ಸಂದಿಯ ಸೋಪಿನ ಜಿಡ್ಡನ್ನು ಉಗುರಿನಿಂದ ತೆಗೆದರು. ಉದ್ದಕ್ಕೂ ಅರಿಶಿನ ಬಳಿದರು, ಕುಂಕುಮ ಇಟ್ಟರು, ಎರಡು ತುದಿಗೂ ಕಣಗಿಲೆ ಹೂವು. ಕರ್ಪೂರ ಹಚ್ಚಿ ಕೈಮುಗಿದರು.

ಗಿಡಗಳಿಗೆ ನೀರು ಹಾಯಿಸುತ್ತಿದ್ದ ಮಾಲಿ ಪೈಪು ಬಿಟ್ಟು ಬಂದ. ಚಪ್ಪಲಿ ಕಳಚಿ ಕೈಮುಗಿದ. ರೂಮು ಗುಡಿಸುವ ಹೆಂಗಸರು ಬಂದರು, ಅಡುಗೆಮನೆಯಿಂದ ಇಬ್ಬರು ಬಂದರು. ಎಲ್ಲ ಕಟ್ಟಾಯದ ಕಡೆಯವರು, ಅರಕಲಗೂಡಿನ ಕಡೆಯವರು. ಇಷ್ಟು ದಿನ ಅದು ಅವರಿಗೆ ನಲ್ಲಿಯ ಕೆಳಗಿನ ಕಲ್ಲು. ಅರಿಶಿನ ಬಿದ್ದ ಮೇಲೆ ಅದು ಒಂದು ಮನೆಯ ಹೊಸ್ತಿಲು. ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮ್ಯಾನೇಜರ್ ಓಡಿಬಂದರು. “ಏನಿದೆಲ್ಲ? ಗೆಸ್ಟ್‌ಗಳು ಸ್ನಾನಕ್ಕೆ ಬರೋ ಟೈಮು. ತೊಳೀರಿ ಅದನ್ನ.”

ಯಾರೂ ಅಲ್ಲಾಡಲಿಲ್ಲ.

“ನಿನಗೇ ಹೇಳಿದ್ದು,” ಎಂದರು ಮಾಲಿಗೆ.

“ನನ್ ಕೈಲಾಗಾಕಿಲ್ಲ ಸಾ,” ಅಂದ ಮಾಲಿ, ನೆಲ ನೋಡುತ್ತ. “ಬೇರೆ ಕೆಲ್ಸ ಏನಾರ ಏಳಿ.”

ಆಗ ಆತ ಬೂಟು ಕಾಲಿನಲ್ಲೇ ಬಿರಬಿರನೆ ಮುಂದೆ ಬಂದರು, ಪೈಪು ತಾವೇ ಎತ್ತಿಕೊಳ್ಳುವುದಕ್ಕೆ. ಪೈಪು ಕಲ್ಲಿನ ಆಚೆ ಬದಿ ಬಿದ್ದಿತ್ತು. ಅಜ್ಜಿ ಕೂತಲ್ಲಿಂದಲೇ ಕೈ ಎತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಗೆ ಬಂದವರಿಗೆ ಹೇಳುವ ದನಿ. “ತುಳಿಬ್ಯಾಡ ಕಣ್ ಮಗ, ದಾಟ್ಕಂಡ್ ಬಾ. ನಮ್ಮನೆ ಒಸ್ಲು ಅದು.”

ಅವರ ಎತ್ತಿದ ಕಾಲು ಅಲ್ಲೇ ನಿಂತಿತು. ಅವರೂ ಎಲ್ಲೋ ಒಂದು ಕಡೆ ಹೊಸ್ತಿಲು ಇರುವ ಮನೆಯಲ್ಲೇ ಬೆಳೆದವರಲ್ಲವೇ? ಅಮ್ಮನೋ ಅಜ್ಜಿಯೋ ಯಾರೋ ಇದೇ ಮಾತು ಹೇಳಿ ತೊಡೆಗೆ ಒಂದು ಬಿಟ್ಟಿರುತ್ತಾರೆ. ಕಾಲು ಹಿಂದಕ್ಕೆ ಇಟ್ಟರು. ಅಷ್ಟು ಹೊತ್ತಿಗೆ ಟವೆಲು ಹೊದ್ದು ಬಂದ ನಾಲ್ಕಾರು ಅತಿಥಿಗಳು ನೋಡುತ್ತ ನಿಂತಿದ್ದರು. ಅವರಲ್ಲೊಬ್ಬಾಕೆ, “ಅಯ್ಯೋ, ನಾವು ಎರಡು ದಿನದಿಂದ ಇದರ ಮೇಲೇ ಕಾಲು ತೊಳೀತಿದ್ದೀವಲ್ಲ,” ಎಂದು ಗಂಡನ ಮುಖ ನೋಡಿದರು. ಮ್ಯಾನೇಜರ್ ಫೋನು ಕಿವಿಗಿಟ್ಟುಕೊಂಡು ಆಫೀಸಿನ ಕಡೆ ಹೊರಟುಹೋದರು. ಕ್ಷಮೆ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಮಾಲಿಯೇ ಹಾರೆ ತಂದ. ಆರು ಜನ ಹಗ್ಗ ಹಾಕಿ, ಹುಲ್ಲು ಹಾಸಿದ ಟ್ರೇಲರಿಗೆ ಕಲ್ಲು ಏರಿಸಿದರು. ಮುಳುಗಡೆಯ ಜಾಗಕ್ಕೆ ಹೋಗಿ, ಗುಂಡಿಯ ಸಡಿಲ ಮಣ್ಣು ತೆಗೆದು, ಮೊದಲಿದ್ದ ಮಟ್ಟಕ್ಕೆ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಜ್ಜಿ ಹೊಸ್ತಿಲು ದಾಟಿ ಒಳಗೆ ನಿಂತು, ಅದರ ಬುಡದಿಂದ ಮೂರು ಹಿಡಿ ಮಣ್ಣು ಸೆರಗಿಗೆ ಹಾಕಿ ಗಂಟು ಕಟ್ಟಿಕೊಂಡರು. ನಾನು ಹೊರಗೇ ನಿಂತಿದ್ದೆ. ಬಾ ಎಂದು ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಅಳಿಸುವ ಕೆಲಸ ಬಾಕಿ ಇತ್ತು. ಅವತ್ತೇ ಮತ್ತೆ ರೆಸಾರ್ಟಿಗೆ ಹೋದೆ. ರೂಮು ರೂಮಿಗೂ ಹೋಗಬೇಕೆಂದಿದ್ದೆ, ಅಷ್ಟರಲ್ಲಿ ಗುಡಿಸುವ ಹೆಂಗಸರು ಕೈಪಿಡಿಗಳನ್ನೆಲ್ಲ ಒಂದು ಬಕೆಟ್ಟಿನಲ್ಲಿ ತುಂಬಿಟ್ಟಿದ್ದರು. “ಬೇಗ್ ಅರೀರಿ ಮೇಡಂ, ಸಾಯೇಬ್ರು ಊಟಕ್ ಕೂತವ್ರೆ,” ಅಂದಳು ಒಬ್ಬಳು. ಒಂದೊಂದರಿಂದಲೂ ಹನ್ನೊಂದನೇ ಪುಟ ಹರಿದೆ. ಕೊನೆಯದನ್ನು ಹರಿಯುವಾಗ ಆ ದ್ವೀಪದ ಕೈಪಿಡಿಯ ಮೇಣದ ಬತ್ತಿಯ ಚಿತ್ರ ಕಣ್ಣಿಗೆ ಬಂತು. ಅಲ್ಲಿಯೂ ಯಾರದೋ ಹೊಸ್ತಿಲು ಇದ್ದಿರಬೇಕು. ತೊಳೆಯಲು ಬಂದ ಅಜ್ಜಿಯೊಬ್ಬಳು ಆ ದ್ವೀಪಕ್ಕೆ ಇದ್ದಳೋ ಇಲ್ಲವೋ, ಆ ಸಣ್ಣಕ್ಷರದಲ್ಲಿ ಅದನ್ನು ಬರೆದಿರಲಿಲ್ಲ.

ಮದುವೆಗೆ ಮೂರು ದಿನ ಇರುವಾಗ ಅಣ್ಣ ಚನ್ನರಾಯಪಟ್ಟಣಕ್ಕೆ ಬಂದರು. ಲಗ್ನಪತ್ರಿಕೆ ಕೊಟ್ಟರು. “ಅವ್ವ ಕರ್ದು ಬಾ ಅಂದ್ಲು. ಬನ್ನಿ ಮೇಡಂ,” ಎಂದು, ಮೆಟ್ಟಿಲಿಳಿದವರು ಮತ್ತೆ ತಿರುಗಿ, “ಪುಸ್ತಕ ತರ್ಬ್ಯಾಡಿ,” ಅಂದರು. ನಾನು ಬರಿಗೈಯಲ್ಲೇ ಹೋಗಿ ಉಂಡು ಬಂದೆ. ಇದನ್ನು ಬರೆಯುವ ಮುಂಚೆ ಅವರನ್ನು ಕೇಳಿದ್ದೇನೆ, ಬರೆದ ಮೇಲೆ ಓದಿ ಹೇಳಿದ್ದೇನೆ. ಎರಡು ಕಡೆ ದಾರಿ ಗೊತ್ತಾಗುವ ಮಾತಿತ್ತು, ತೆಗೆಸಿದರು.

ಕಾಗದ ಹರಿಯಬಹುದು. ಫೋನಿನ ನಕ್ಷೆಗೆ ರೆಸಾರ್ಟಿನವರು ಏರಿಸಿದ ಗುರುತನ್ನು ಹರಿಯುವುದಕ್ಕೆ ಬರುವುದಿಲ್ಲ. ಅದನ್ನು ತೆಗೆಯಿರಿ ಎಂದು ನಕ್ಷೆಯ ಕಂಪನಿಗೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನಿಮ್ಮ ಸಲಹೆಗೆ ಧನ್ಯವಾದ ಎಂದು ಉತ್ತರ ಬರುತ್ತದೆ. ಮಳೆ ಹಿಡಿದು ಹಿನ್ನೀರು ಏರಿ ಹೊಸ್ತಿಲು ಮುಳುಗಿ ಈಗ ವಾರಗಳೇ ಆದವು. ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ. ನೀಲಿ ನೀರಿನ ನಟ್ಟನಡುವೆ ಆ ಕೆಂಪು ಗುರುತು ಇನ್ನೂ ನಿಂತಿದೆ, ಅದರ ಪಕ್ಕದಲ್ಲಿ ‘ಈಗ ತೆರೆದಿದೆ’ ಎಂದು ಬರೆದಿದೆ.